ಸೋಲಿಸೋಕೆ ಒಬ್ಬಳು ಗೆಳತಿ ಬೇಕು

(ಮೈಸೂರಿನಲ್ಲಿ ನಮ್ಮ ಬಡಾವಣೆಯ ಹೆಂಗಸರು ಸೇರಿ ನಡೆಸುವ ತಿಂಗಳ ಕಾರ್ಯಕ್ರಮದಲ್ಲಿ ಆಡಿದ ಮಾತುಗಳು. ಮಾತಾಡುವಾಗ ಬಾಯ್ತಪ್ಪಿ ಹೇಳಿದ್ದ ಒಂದೆರಡು ಇಸವಿಗಳನ್ನು ಇಲ್ಲಿ ತಿದ್ದಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಫೋನ್ ಮಾಡಿದಾಗ ನನಗೆ ಕೊಟ್ಟ ವಿಷಯ 'ಆರೋಗ್ಯಕ್ಕಾಗಿ ಓಟ' ಅಂತ. ಒಪ್ಪಿಕೊಂಡುಬಿಟ್ಟೆ. ಆಮೇಲೆ ಒಗ್ಗರಣೆ ಹಾಕುತ್ತಾ ಯೋಚನೆ ಮಾಡಿದರೆ, ಅಯ್ಯೋ, ನಾನು ಆರೋಗ್ಯಕ್ಕಾಗಿ ಓಡುತ್ತಲೇ ಇಲ್ವಲ್ಲ! ಓಡಿದ್ದರಿಂದ ಆರೋಗ್ಯ ಸ್ವಲ್ಪ ಸುಧಾರಿಸಿರಬಹುದು. ಅದು ತರಕಾರಿ ಜೊತೆ ಬಿಟ್ಟಿ ಸಿಗೋ ಕೊತ್ತಂಬರಿ ಸೊಪ್ಪಿನ ಥರ. ಕೊತ್ತಂಬರಿ ಸೊಪ್ಪಿಗೋಸ್ಕರ ಯಾರೂ ಮಾರ್ಕೆಟ್ಟಿಗೆ ಹೋಗಲ್ಲ.

'ಯಾಕ್ರೀ ಓಡ್ತೀರ?' ಅಂತ ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಬ್ಯಾಂಕಿನಲ್ಲಿ ಜೊತೆಗೆ ಕೆಲಸ ಮಾಡುವವರಿಗೆ 'ಟೆನ್ಷನ್ ಕಡಿಮೆ ಆಗುತ್ತೆ' ಅಂದೆ. ಪಕ್ಕದ ಮನೆಯವರಿಗೆ 'ತೂಕ ಜಾಸ್ತಿ ಆಗಿತ್ತು' ಅಂದೆ. ನಮ್ಮ ಅತ್ತೆಗೆ ಮಾತ್ರ 'ಡಾಕ್ಟರು ಹೇಳಿದ್ದಾರೆ' ಅಂದೆ. ಶುದ್ಧ ಸುಳ್ಳು. ಆದರೆ ನಮ್ಮ ಮನೆಗಳಲ್ಲಿ ಹೆಂಗಸು ತನಗೆ ಇಷ್ಟ ಅಂತ ಏನಾದರೂ ಮಾಡಿದರೆ ಹತ್ತು ಪ್ರಶ್ನೆ ಬರುತ್ತವೆ. ಡಾಕ್ಟರು ಹೇಳಿದ್ದಾರೆ ಅಂದರೆ ಒಂದೂ ಬರಲ್ಲ.

ಇವತ್ತು ನಿಜ ಹೇಳ್ತೀನಿ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಬೆಳೆದದ್ದು ಪಿರಿಯಾಪಟ್ಟಣದ ಕಡೆ. ಹೊಗೆಸೊಪ್ಪಿನ ಊರು. ಬೇಯಿಸೋ ಕಾಲದಲ್ಲಿ ಇಡೀ ಊರಿಗೆ ಒಂದು ಥರ ಸಿಹಿ ಘಾಟು ಅಡರುತ್ತಿತ್ತು. 1986ರಲ್ಲಿ ನಾನು ಐದನೇ ಕ್ಲಾಸು. ಆ ವರ್ಷ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಏಷ್ಯನ್ ಗೇಮ್ಸ್ ನಡೆಯಿತು. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಟೀವಿ, ಅದರ ಮುಂದೆ ಮೂವತ್ತು ಜನ. 4x400 ಮೀಟರ್ ರಿಲೇಯಲ್ಲಿ ನಮ್ಮ ಹೆಣ್ಣುಮಕ್ಕಳು ಚಿನ್ನ ಗೆದ್ದರು. ವಲ್ಸಮ್ಮ, ವಂದನಾ ರಾವ್, ಶೈನಿ ಅಬ್ರಹಾಂ, ಪಿ.ಟಿ. ಉಷಾ. ಎಲ್ಲರೂ ಉಷಾ ಉಷಾ ಅಂತ ಕೂಗುತ್ತಿದ್ದರು. ನನಗೆ ಮಾತ್ರ ಬೇರೆ ಏನೋ ಹಿಡಿದುಬಿಟ್ಟಿತು. ಆ ಕೋಲು. ಒಬ್ಬಳು ಹಿಂದಿನಿಂದ ಬರುತ್ತಾಳೆ, ಇನ್ನೊಬ್ಬಳು ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚುತ್ತಾಳೆ, ಕೋಲು ಸರಿಯಾಗಿ ಅಂಗೈಗೆ ಬಂದು ಕೂರುತ್ತದೆ. ಹೇಗೆ ಗೊತ್ತಾಗುತ್ತೆ ಅವಳಿಗೆ?

ಮಾರನೇ ದಿನದಿಂದ ನಾವು ನಾಲ್ಕು ಜನ ಹುಡುಗೀರು ಶಾಲೆ ಬಯಲಲ್ಲಿ ರಿಲೇ ಶುರು ಮಾಡಿದೆವು. ಮೇಷ್ಟ್ರ ಮೇಜಿನ ಮೇಲಿದ್ದ ರೂಲುದೊಣ್ಣೆಯೇ ನಮ್ಮ ಕೋಲು. ಕಾಲಲ್ಲಿ ಚಪ್ಪಲಿ ಇಲ್ಲ, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಟ. ರೂಲುದೊಣ್ಣೆ ಬೀಳಿಸಿದವಳಿಗೆ ಉಳಿದ ಮೂವರಿಂದ ಒಂದೊಂದು ಗುದ್ದು. ಏಳನೇ ಕ್ಲಾಸಿನಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹೋಗಿ ಎರಡನೇ ಬಹುಮಾನ ತಂದೆವು. ತಲೆಗೊಂದು ಸ್ಟೀಲ್ ತಟ್ಟೆ. ನನ್ನ ತಟ್ಟೆ ಈಗಲೂ ನಮ್ಮಮ್ಮನ ಮನೆಯಲ್ಲಿದೆ. ಹೆಚ್ಚಿದ ಹುರುಳಿಕಾಯಿ ಇಡೋಕೆ ಉಪಯೋಗಿಸುತ್ತಾರೆ.

ಆಮೇಲೆ ನಾನು ದೊಡ್ಡವಳಾದೆ. ಆರತಿ ಮಾಡಿದರು, ಚಿಗಳಿ ತಿನ್ನಿಸಿದರು. ಅಜ್ಜಿ 'ಇನ್ನು ದಡಬಡ ಅಂತ ಓಡಾಡೋದು ಸಾಕು ಕಣವ್ವ' ಅಂದಳು. ಅಷ್ಟೇ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಕೋಣೆಯಲ್ಲಿ ಕೂಡಿಹಾಕಲಿಲ್ಲ. ಎಂಟನೇ ಕ್ಲಾಸಿಗೆ ಹೈಸ್ಕೂಲ್ ಸೇರಿದಾಗ ಓಟದ ಹೆಸರು ಬರೆದುಕೊಳ್ಳೋಕೆ ಬಂದ ಮೇಷ್ಟ್ರು ಹುಡುಗರ ಕಡೆಯ ಬೆಂಚಿಗೆ ಹೋದರು, ನಾನು ಕೈ ಎತ್ತಲಿಲ್ಲ. ನಿಂತುಹೋಯಿತು ಅಂತ ನನಗೇ ಗೊತ್ತಾಗಲಿಲ್ಲ. ಅದೇ ನನಗೆ ಈಗ ಜಾಸ್ತಿ ಸಂಕಟ ಮಾಡುತ್ತದೆ. ಕಿತ್ತುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು, ಅಲ್ವಾ?

ಇದು ಪಿರಿಯಾಪಟ್ಟಣದ ಕಥೆ ಮಾತ್ರ ಅಂದುಕೊಳ್ಳಬೇಡಿ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರಿಗೆ 800 ಮೀಟರ್ ಓಟ ಇಟ್ಟರು. ಗೆದ್ದ ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆಯನ್ನೇ ಮಾಡಿದರು. ಆದರೆ ಪತ್ರಿಕೆಗಳು ಬರೆದದ್ದು ಓಟ ಮುಗಿಸಿದ ಹೆಂಗಸರು ಸುಸ್ತಾಗಿ ಬಿದ್ದರು ಅಂತ. ಗಂಡಸರೂ ಬೀಳುತ್ತಾರೆ, ಅದನ್ನು ವೀರಾವೇಶ ಅಂತಾರೆ. ಹೆಂಗಸರ ಮೈಗೆ ಇದು ಆಗಿಬರಲ್ಲ ಅಂತ ಒಲಿಂಪಿಕ್ಸ್‌ನಿಂದ ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಬಂದದ್ದು 1960ರಲ್ಲಿ. ನಮ್ಮಜ್ಜಿ ಪೇಪರ್ ಓದಿದವಳಲ್ಲ, ಆದರೂ ಆ ದೊಡ್ಡ ದೊಡ್ಡ ಸಾಹೇಬರೂ ನಮ್ಮಜ್ಜಿಯೂ ಒಂದೇ ಮಾತು ಹೇಳಿದ್ದರು.

1967ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಅನ್ನೋ ಹುಡುಗಿ ಹೆಸರಿನ ಮೊದಲಕ್ಷರಗಳನ್ನಷ್ಟೇ ಬರೆದು ನಂಬರ್ ಪಡೆದು ಓಡಿದ್ದು, ಅಧಿಕಾರಿಯೊಬ್ಬರು ದಾರಿಯಲ್ಲೇ ಅಡ್ಡಗಟ್ಟಿ ಎದೆಯ ಮೇಲಿದ್ದ 261 ನಂಬರಿನ ಚೀಟಿ ಕೀಳೋಕೆ ನೋಡಿದ್ದು ನಿಮಗೆ ಗೊತ್ತಿರಬಹುದು. ಆಕೆ ಓಟ ಮುಗಿಸಿದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಬರೋಕೆ 1984 ಆಗಬೇಕಾಯಿತು. ಲಾಸ್ ಏಂಜಲೀಸ್‌ನಲ್ಲಿ ಜೋನ್ ಬೆನೊಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡಿಗೆ ಗೆದ್ದರು. ನಾನು ಆಗಲೇ ಹುಟ್ಟಿ, ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಅಷ್ಟು ಇತ್ತೀಚಿನದು ಇದು.

ಸರಿ, ನನ್ನ ಕಥೆಗೆ ಬರ್ತೀನಿ. ಎಂಟನೇ ಕ್ಲಾಸಿನಿಂದ ನಲವತ್ತನೇ ವಯಸ್ಸಿನವರೆಗೆ ನಾನು ಓಡಿದ್ದು ಬಸ್ಸಿನ ಹಿಂದೆ ಮಾತ್ರ. ಒಂದು ಭಾನುವಾರ ಸಂಜೆ ಮಗಳಿಗೆ ಸೈಕಲ್ ಕಲಿಸುತ್ತಿದ್ದೆ. ಸೀಟಿನ ಹಿಂಭಾಗ ಹಿಡಿದುಕೊಂಡು ಪಕ್ಕದಲ್ಲಿ ಓಡೋದು, ಎಲ್ಲ ಅಮ್ಮಂದಿರೂ ಮಾಡೋ ಕೆಲಸ. 'ಅಮ್ಮ ಬಿಡಬೇಡ, ಬಿಡಬೇಡ' ಅನ್ನುತ್ತಿದ್ದವಳು ಇದ್ದಕ್ಕಿದ್ದಂತೆ 'ಬಿಡು' ಅಂದಳು. ಬಿಟ್ಟೆ. ಅವಳು ಹೋದಳು. ಬೀದಿ ಕೊನೆಯಲ್ಲಿ ಹಾಲಿನ ವ್ಯಾನು ನಿಂತಿತ್ತು. ಬ್ರೇಕ್ ಹಿಡಿಯೋದನ್ನು ನಾನಿನ್ನೂ ಹೇಳಿಕೊಟ್ಟಿರಲಿಲ್ಲ. ಹಿಂದೆ ಓಡಿದೆ. ನಾಲ್ಕು ಮನೆ ದಾಟುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡಿತು, ದಮ್ಮು ಕಟ್ಟಿತು, ಒಂದು ಗೇಟು ಹಿಡಿದು ನಿಂತುಬಿಟ್ಟೆ. ಅವಳಿಗೇನೂ ಆಗಲಿಲ್ಲ. ವ್ಯಾನಿನ ಪಕ್ಕದ ಮರಳುಗುಡ್ಡೆಗೆ ಹೋಗಿ ಮೆತ್ತಗೆ ಬಿದ್ದು ನಗುತ್ತಿದ್ದಳು. ನಾನು ಗೇಟು ಹಿಡಿದುಕೊಂಡು ನಿಂತವಳು ಯಾಕೋ ಆ ಸ್ಟೀಲ್ ತಟ್ಟೆ ನೆನಪು ಮಾಡಿಕೊಂಡೆ.

ಮಾರನೇ ದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋದೆ. ಚೂಡಿದಾರ, ದುಪಟ್ಟಾಗೆ ಎರಡು ಕಡೆ ಪಿನ್ನು, ಮಗಳ ಶಾಲೆಯ ಪಿ.ಟಿ. ಶೂ ಥರದ್ದೇ ಒಂದು ಬಿಳಿ ಕ್ಯಾನ್ವಾಸು. ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ, ಕುವೆಂಪು ದಿನಾ ವಾಕಿಂಗ್ ಹೋಗುತ್ತಿದ್ದ ಕೆರೆ. ಅಂಥ ಜಾಗದಲ್ಲಿ ಬುಸುಬುಸು ಅಂತ ಓಡೋಕೆ ನನಗೇ ನಾಚಿಕೆ. ಅದಕ್ಕೆ ಒಂದು ಉಪಾಯ ಮಾಡಿದೆ. ಒಂದು ಬೆಂಚಿನಿಂದ ಇನ್ನೊಂದು ಬೆಂಚಿನವರೆಗೆ ಓಡೋದು, ಅಲ್ಲಿಂದ ಮುಂದಿನ ಬೆಂಚಿನವರೆಗೆ ನಡೆಯೋದು. ಎದುರಿಗೆ ಯಾರಾದರೂ ಬಂದರೆ ತಕ್ಷಣ ನಡಿಗೆ. ಆದರೂ ಮಂಕಿ ಟೋಪಿ ಹಾಕಿಕೊಂಡಿದ್ದ ಒಬ್ಬರು ಹಿರಿಯರು ಹಿಡಿದುಬಿಟ್ಟರು. ಗಾಬರಿಯಿಂದ ನನ್ನ ಹಿಂದೆ ಇಣುಕಿ ನೋಡಿ ಕೇಳಿದರು, 'ಏನಮ್ಮ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?'

ಈಗಲೂ ಅವರು ಸಿಗುತ್ತಾರೆ. ಈಗ ಕೇಳೋದು 'ಇವತ್ತು ಎಷ್ಟು ರೌಂಡು?' ಅಂತ.

ಮೂರು ತಿಂಗಳಿಗೆ ಒಂದು ಪೂರ್ತಿ ಸುತ್ತು ನಿಲ್ಲದೆ ಓಡುವಂತಾಯಿತು. ಆ ದಿನ ಹೆಜ್ಜಾರ್ಲೆಗಳ ಒಂದು ಗುಂಪು ನೀರಿನ ಮೇಲೆ ದೋಣಿಗಳ ಥರ ಸಾಲಾಗಿ ಹೋಗುತ್ತಿತ್ತು. ನನ್ನ ಮೈಯೆಲ್ಲ ಹಗುರ, ಸುಮ್ನೆ ನಗು ಬರುತ್ತಿತ್ತು. ಆ ಖುಷಿ ಮೈಯಲ್ಲೇ ಹುಟ್ಟೋ ಎಂಡಾರ್ಫಿನ್ ಅನ್ನೋ ರಾಸಾಯನಿಕದಿಂದ ಅಂತ ಎಲ್ಲರೂ ಹೇಳುತ್ತಾರೆ. 2021ರಲ್ಲಿ ಜರ್ಮನಿಯಲ್ಲಿ ಒಂದು ಪ್ರಯೋಗ ಮಾಡಿದರು. ಎಂಡಾರ್ಫಿನ್ ಕೆಲಸ ಮಾಡದಂತೆ ತಡೆಯುವ ಔಷಧಿ ಕೊಟ್ಟು ಜನರನ್ನು ಓಡಿಸಿ ನೋಡಿದರು. ಆದರೂ ಖುಷಿ ಬಂತು. ಅದಕ್ಕೆ ಕಾರಣ ನಮ್ಮ ಮೈಯೇ ತಯಾರು ಮಾಡುವ ಇನ್ನೊಂದು ವಸ್ತು ಇರಬೇಕು ಅಂತಾರೆ, ಗಾಂಜಾದಲ್ಲಿ ಇರುತ್ತಲ್ಲ, ಅದರ ದಾಯಾದಿ. ಇದನ್ನು ನಮ್ಮ ಅತ್ತೆಗೆ ಹೇಳಿಲ್ಲ. ದಯವಿಟ್ಟು ನೀವೂ ಹೇಳಬೇಡಿ.

ಆದರೆ ನನಗೆ ಅದಕ್ಕಿಂತ ದೊಡ್ಡದು ಅಂದರೆ, ಆ ಮುಕ್ಕಾಲು ಗಂಟೆ ನನ್ನನ್ನು ಯಾರೂ ಏನೂ ಕೇಳಲ್ಲ. ಟವೆಲ್ ಎಲ್ಲಿದೆ ಅಂತ ಕೇಳಲ್ಲ. ಲೋನ್ ಯಾವಾಗ ಆಗುತ್ತೆ ಮೇಡಂ ಅಂತ ಕೇಳಲ್ಲ.

ಇಷ್ಟೇ ಆಗಿದ್ದರೆ ನಾನು ಒಂದು ವರ್ಷ ಓಡಿ ಬಿಟ್ಟುಬಿಡುತ್ತಿದ್ದೆ. ಒಂಟಿಯಾಗಿ ಇರೋ ಖುಷಿ ಬೇಗ ತೀರುತ್ತದೆ. ಟೀಚರ್ ಸಿಕ್ಕಿದ್ದರಿಂದ ಉಳಿದೆ.

ಟೀಚರ್ ಅಂದರೆ ಪ್ರೈಮರಿ ಶಾಲೆ ಟೀಚರ್. ನಮ್ಮ ಗುಂಪಿನಲ್ಲಿ ಹೆಸರು ಹಿಡಿದು ಕರೆಯೋ ಪದ್ಧತಿ ಇಲ್ಲ, ಕೆಲಸದ ಹೆಸರೇ ಹೆಸರು. ಒಂದು ಬೆಳಿಗ್ಗೆ ನನ್ನ ಪಕ್ಕದಲ್ಲಿ ಸರಕ್ಕನೆ ಒಬ್ಬಾಕೆ ದಾಟಿ ಹೋದರು. ನನ್ನ ವಯಸ್ಸೇ, ನನ್ನ ಗಾತ್ರವೇ. ಹೋಗಲಿ ಬಿಡು ಅಂದುಕೊಂಡೆ. ಕಾಲು ಕೇಳಲಿಲ್ಲ. ಹಿಂದೆ ಬಿತ್ತು. ಕೆರೆ ಏರಿ ಮುಗಿಯುವ ಕಡೆ ನಾನು ಆಕೆಯನ್ನು ದಾಟಿದೆ, ಏನೂ ಗೊತ್ತೇ ಇಲ್ಲ ಅನ್ನೋ ಮುಖ ಮಾಡಿಕೊಂಡು. ಮಾರನೇ ದಿನ ಆಕೆ ನನ್ನನ್ನು ದಾಟಿದರು, ಅದೇ ಮುಖ ಮಾಡಿಕೊಂಡು. ಹೀಗೆ ಒಂದು ವಾರ. ಒಂದು ಮಾತಿಲ್ಲ, ಒಂದು ನಗುವಿಲ್ಲ. ಇಬ್ಬರು ಮಧ್ಯವಯಸ್ಸಿನ ಹೆಂಗಸರು ರೇಸ್ ಮಾಡುತ್ತಿಲ್ಲ ಅಂತ ನಟಿಸುತ್ತಾ ಜೀವ ಬಿಟ್ಟು ರೇಸ್ ಮಾಡಿದ್ದು. ಎಂಟನೇ ದಿನ ಬ್ಯಾಂಕಿನ ಆಡಿಟ್ ಇತ್ತು, ನಾನು ಹೋಗಲಿಲ್ಲ. ಒಂಬತ್ತನೇ ದಿನ ಗೇಟಿನಲ್ಲಿ ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. 'ನಿನ್ನೆ ಯಾಕ್ರೀ ಬರ್ಲಿಲ್ಲ? ಯಾರನ್ನ ಅಟ್ಟಿಸ್ಕೊಂಡು ಹೋಗ್ಲಿ ನಾನು?'

ಅದೇ ನಮ್ಮ ಪರಿಚಯ.

ಆಮೇಲೆ ನರ್ಸಕ್ಕ ಸೇರಿದರು. ನೈಟ್ ಡ್ಯೂಟಿ ಮುಗಿಸಿ ನೇರ ಕೆರೆಗೆ ಬರುತ್ತಿದ್ದ ಗಟ್ಟಿಗಿತ್ತಿ. ಕೊನೆಗೆ ಬೇಕರಿ ಅಣ್ಣ. ಅವರಿಗೀಗ ಅರವತ್ತನಾಲ್ಕು. ಬೇಕರಿ ಮಗನಿಗೆ ಬಿಟ್ಟು, ಸಕ್ಕರೆ ಕಾಯಿಲೆ ಅಂತ ಓಡೋಕೆ ಬಂದವರು. ನಾಲ್ವರಲ್ಲಿ ಆರೋಗ್ಯಕ್ಕಾಗಿ ಓಡುತ್ತಿರುವವರು ಅವರೊಬ್ಬರೇ. ಯಾವಾಗಲೂ ಕೊನೆಗೆ ಬರುತ್ತಾರೆ, ಬರುವಾಗ ಸ್ಕೂಟರಿನ ಡಿಕ್ಕಿಯಿಂದ ಬಿಸಿ ಖಾರಾ ಬನ್ ತೆಗೆಯುತ್ತಾರೆ. ಹಾಗಾಗಿ ಅವರು ಬರೋತನಕ ಯಾರೂ ಮನೆಗೆ ಹೋಗಲ್ಲ.

ಭಾನುವಾರದ ಉದ್ದ ಓಟ ನಿಧಾನ. ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಆಗದಿದ್ದರೆ ಜಾಸ್ತಿ ಜೋರಾಗಿ ಹೋಗುತ್ತಿದ್ದೀವಿ ಅಂತ. ಅಭ್ಯಾಸದ ಮುಕ್ಕಾಲು ಪಾಲು ಈ ವೇಗದಲ್ಲೇ ಇರಬೇಕು ಅಂತ ತಿಳಿದವರು ಹೇಳುತ್ತಾರೆ, ಹೊಸಬರು ಯಾರೂ ಕೇಳಲ್ಲ. ನಮಗೆ ಇದು ಸುಲಭವಾಯಿತು, ಯಾಕೆಂದರೆ ಮಾತಾಡದೆ ಇರೋದು ನಮಗೆ ಕಷ್ಟ. ಇನ್ನೊಂದು ವಿಷಯ. ಪಕ್ಕಪಕ್ಕದಲ್ಲಿ ಓಡುವಾಗ ಮುಖ ನೋಡಬೇಕಾಗಿಲ್ಲ, ಎಲ್ಲರ ಕಣ್ಣೂ ದಾರಿಯ ಮೇಲೆ. ಎದುರು ಬದುರು ಕೂತು ಕಾಫಿ ಕುಡಿಯುವಾಗ ಬಾಯಿಗೆ ಬಾರದ ಮಾತು ಆಗ ಬರುತ್ತದೆ. ನರ್ಸಕ್ಕ ಒಮ್ಮೆ ಚಾಮುಂಡಿ ಬೆಟ್ಟದ ದಾರಿಯಲ್ಲಿ ಆರು ಕಿಲೋಮೀಟರ್ ಉದ್ದಕ್ಕೂ ತಮ್ಮ ಮನೆಯ ಒಂದು ವಿಷಯ ಹೇಳಿದರು. ಯಾರೂ 'ಅಯ್ಯೋ ಪಾಪ' ಅನ್ನಲಿಲ್ಲ, ಅನ್ನೋಕೆ ಉಸಿರಿರಲಿಲ್ಲ. ಅವರಿಗೂ ಅದೇ ಬೇಕಿತ್ತು ಅನ್ಸುತ್ತೆ. ಏನು ವಿಷಯ ಅಂತ ಇಲ್ಲಿ ಹೇಳಲ್ಲ.

ಬೆಟ್ಟದ ಮೆಟ್ಟಿಲ ಮೇಲೆ ಮಾತ್ರ ಮಾತು ಬಂದ್. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಏಳುನೂರರ ಹತ್ತಿರ ದೊಡ್ಡ ನಂದಿ. ದೊಡ್ಡದೇವರಾಜ ಒಡೆಯರ ಕಾಲದಿಂದ ಕೂತಿದ್ದಾನೆ. ಅವನ ಹತ್ತಿರ ಬಂದು ಮಂಡಿಯ ಮೇಲೆ ಕೈಯೂರಿ ನಿಂತಾಗ, ಮುನ್ನೂರೈವತ್ತು ವರ್ಷದಿಂದ ಆರಾಮಾಗಿ ಕೂತಿರೋ ಅವನೇ ಜಾಣ ಅನ್ಸುತ್ತೆ.

ಈಗ ರೇಸಿನ ವಿಷಯಕ್ಕೆ ಬರ್ತೀನಿ. ಇಲ್ಲಿ ನನ್ನ ಅಭಿಪ್ರಾಯ ನಿಮಗೆ ಹಿಡಿಸದೇ ಇರಬಹುದು.

ರೇಸುಗಳ ಫೋಟೋ ನೋಡಿರ್ತೀರ. ಗೆಳತಿಯರು ಕೈ ಕೈ ಹಿಡಿದು, ಮೇಲಕ್ಕೆತ್ತಿ, ಒಟ್ಟಿಗೆ ಕೊನೆಯ ಗೆರೆ ದಾಟುತ್ತಾರೆ. ನೋಡೋಕೆ ಚೆಂದ. ನನಗೆ ಅದು ಬೇಡ. ಹಾಗೆ ಕೈ ಹಿಡಿಯೋಕೆ ಪಾರ್ಕಿದೆ, ಸಿನಿಮಾ ಟಾಕೀಸಿದೆ. ರೇಸಿಗೆ ಬಂದ ಮೇಲೆ ನನ್ನ ಗೆಳತಿ ನನ್ನನ್ನು ಸೋಲಿಸೋಕೆ ನೋಡಬೇಕು, ನಾನು ಅವಳನ್ನು ಸೋಲಿಸೋಕೆ ನೋಡಬೇಕು. ನಲವತ್ತು ದಾಟಿದ ಹೆಂಗಸನ್ನು ಎಲ್ಲರೂ ಸುಲಭಕ್ಕೆ ಬಿಟ್ಟುಕೊಡುತ್ತಾರೆ. 'ನೀವು ಕೂತ್ಕೊಳ್ಳಿ', 'ನಿಮಗ್ಯಾಕೆ ಕಷ್ಟ', 'ಬಿಡಿ ಆಂಟಿ, ನಾವು ಮಾಡ್ತೀವಿ'. ಪ್ರೀತಿಯಿಂದಲೇ ಹೇಳುತ್ತಾರೆ. ಟೀಚರ್ ಮಾತ್ರ ನನಗೆ ಒಂದಿಂಚೂ ಬಿಟ್ಟುಕೊಡಲ್ಲ. ಆಕೆ ಸುಮ್ನೆ ಗೆಲ್ಲಲು ಬಿಟ್ಟರೆ ಆ ದಿನವೇ ನಮ್ಮ ಸ್ನೇಹ ಮುಗಿಯುತ್ತದೆ.

ಬೆಂಗಳೂರಿನ ವರ್ಲ್ಡ್ 10ಕೆ ನಿಮಗೆ ಗೊತ್ತು, 2008ರಿಂದ ನಡೆಯುತ್ತಿದೆ. ಕೀನ್ಯಾ, ಇಥಿಯೋಪಿಯಾದವರು ಬಂದು ಹತ್ತು ಕಿಲೋಮೀಟರನ್ನು ಅರ್ಧ ಗಂಟೆಯೊಳಗೆ ಮುಗಿಸಿ ಹೋಗುತ್ತಾರೆ. ಅದೇ ದಿನ ನಮ್ಮಂಥ ಸಾವಿರಾರು ಜನರಿಗೂ ಓಟ ಇರುತ್ತದೆ. ಬೇರೆ ಯಾವ ಆಟದಲ್ಲಿ ಹೀಗಿದೆ ಹೇಳಿ. ವಿಶ್ವಕಪ್ ಫೈನಲ್ ದಿನ ಅದೇ ಪಿಚ್ಚಿನಲ್ಲಿ ನಮಗೂ ಬ್ಯಾಟ್ ಕೊಡ್ತಾರಾ?

ಹಿಂದಿನ ದಿನವೇ ರೈಲು ಹತ್ತಿದೆವು. ವಿಜಯನಗರದಲ್ಲಿ ನರ್ಸಕ್ಕನ ತಂಗಿ ಮನೆ. ರಾತ್ರಿ ಅನ್ನ, ತಿಳಿಸಾರು, ಬಾಳೆಹಣ್ಣು. 'ಹೊಸದೇನೂ ತಿನ್ನಬಾರದು' ಅಂತ ಟೀಚರ್ ಆರ್ಡರ್, ಆ ತಂಗಿ ಪಾಪ ಹೋಳಿಗೆ ಮಾಡಿಟ್ಟಿದ್ದರು. ಮುಟ್ಟಲಿಲ್ಲ. ಬೇಕರಿ ಅಣ್ಣ ಮಾತ್ರ ಅಡುಗೆಮನೆಗೆ ನೀರು ಕುಡಿಯೋಕೆ ಅಂತ ಹೋದವರು ಬಾಯಿ ಒರೆಸಿಕೊಂಡು ಬಂದರು. ಆಮೇಲೆ ಹಾಲಿನಲ್ಲಿ ಸಾಲಾಗಿ ಚಾಪೆ ಹಾಸಿ, ನಾಳೆ ಹಾಕೋ ಬನಿಯನ್ನುಗಳನ್ನು ನೆಲದ ಮೇಲೆ ಹರಡಿ, ನಂಬರಿನ ಚೀಟಿಗೆ ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಒಬ್ಬರದ್ದು ಸೊಟ್ಟ ಅಂತ ಇನ್ನೊಬ್ಬರು ಬಿಚ್ಚಿ ಮತ್ತೆ ಹಾಕೋದು. ಮದುವೆ ಹಿಂದಿನ ರಾತ್ರಿ ಹೂ ಕಟ್ಟೋ ಗಲಾಟೆ ಥರವೇ. ಮಲಗಿದೆವು, ನಿದ್ದೆ ಬರಲಿಲ್ಲ. ಎರಡು ಗಂಟೆಗೆ ಕತ್ತಲಲ್ಲಿ ಟೀಚರ್ ದನಿ: 'ಬ್ಯಾಂಕು, ಎಚ್ಚರ ಇದೀರಾ? ಸೋತವರು ಮೂರು ತಿಂಗಳು ಕಾಫಿ ಬಿಲ್ ಕೊಡಬೇಕು.' ಆಗಲಿ ಅಂದೆ.

ಬೆಳಿಗ್ಗೆ ಶುರುವಿನ ಜಾಗದಲ್ಲಿ ಜನವೋ ಜನ. ಟೀಚರ್ ಸಣ್ಣಗೆ ನುಸುಳಿ ಮುಂದೆ ಹೋದರು, ನಾನು ಹಿಂದೆ ಸಿಕ್ಕಿಕೊಂಡೆ. ಈಗ ಒಂದು ತಾಂತ್ರಿಕ ವಿಷಯ ಹೇಳಬೇಕು, ಇದರ ಮೇಲೆ ನಮ್ಮ ಸಂಸಾರವೇ ನಿಂತಿದೆ. ನಂಬರಿನ ಚೀಟಿಯ ಹಿಂದೆ ಒಂದು ಚಿಪ್ ಇರುತ್ತದೆ. ಶುರುವಿನ ಗೆರೆಯಲ್ಲಿ ಹಾಸಿರುವ ಮ್ಯಾಟ್ ದಾಟಿದಾಗ ನಮ್ಮ ಗಡಿಯಾರ ಶುರು, ಕೊನೆಯ ಮ್ಯಾಟ್ ದಾಟಿದಾಗ ನಿಲ್ಲುತ್ತದೆ. ಇದು ಚಿಪ್ ಟೈಮ್. ಓಟಕ್ಕೆ ಚಾಲನೆ ಕೊಟ್ಟ ಕ್ಷಣದಿಂದ ಲೆಕ್ಕ ಹಾಕಿದರೆ ಅದು ಗನ್ ಟೈಮ್. ಗುಂಪಿನ ಹಿಂದೆ ಇದ್ದವರಿಗೆ ಗೆರೆ ಮುಟ್ಟೋಕೇ ನಿಮಿಷಗಟ್ಟಲೆ ಬೇಕಾಗುತ್ತದೆ. ಟೀಚರ್ 3 ನಿಮಿಷ 10 ಸೆಕೆಂಡಿಗೆ ಗೆರೆ ದಾಟಿದರು. ನಾನು 3 ನಿಮಿಷ 52ಕ್ಕೆ.

ಮೊದಲ ನಾಲ್ಕು ಕಿಲೋಮೀಟರ್ ಆಕೆ ಕಾಣಲೇ ಇಲ್ಲ. ರಸ್ತೆ ಪಕ್ಕದಲ್ಲಿ ಯಾರೋ ಡೊಳ್ಳು ಬಾರಿಸುತ್ತಿದ್ದರು, ಅದಕ್ಕೆ ಕಾಲು ತಾನಾಗೇ ಹೊಂದಿಕೊಂಡಿತು. ಆರನೇ ಕಿಲೋಮೀಟರಿನ ಹತ್ತಿರ ನೀಲಿ ಟೋಪಿ ಕಂಡಿತು. ಆಕೆಯ ಟೋಪಿ. ಅಲ್ಲಿಂದ ನನಗೆ ಬೆಂಗಳೂರು ಕಾಣಲಿಲ್ಲ. ಆ ಟೋಪಿಯೊಂದೇ ಕಂಡದ್ದು. ಎಂಟರ ಏರಿನಲ್ಲಿ ಇನ್ನೊಂದು ಐವತ್ತು ಹೆಜ್ಜೆ ದೂರ. ಗಂಟಲು ಒಣಗಿ ಬಾಯಲ್ಲಿ ತುಕ್ಕಿನ ರುಚಿ. ಆಕೆ ಒಮ್ಮೆ ತಿರುಗಿ ನೋಡಿದರು. ನನ್ನನ್ನು ನೋಡಿ ಹಲ್ಲು ಕಿರಿದು, ಇನ್ನೂ ಜೋರಾಗಿ ಓಡಿದರು. ಆ ಹಲ್ಲು ಕಿರಿದದ್ದಿದೆಯಲ್ಲ, ಅದನ್ನು ನೋಡಿದ್ದು ನಾನು ಎಷ್ಟು ವರ್ಷದ ಮೇಲೆ! ಶಾಲೆ ಬಯಲಲ್ಲಿ ರೂಲುದೊಣ್ಣೆ ಹಿಡಿದವಳ ಮುಖ ಅದು.

ಆಕೆ ಕೊನೆಯ ಗೆರೆ ದಾಟಿದಾಗ ಮೇಲಿನ ಗಡಿಯಾರದಲ್ಲಿ 1 ಗಂಟೆ 7 ನಿಮಿಷ. ನಾನು ದಾಟಿದಾಗ 24 ಸೆಕೆಂಡು ಜಾಸ್ತಿ. ಟೀಚರ್ ಅಲ್ಲೇ ಕುಣಿದರು. ಗೊತ್ತಿಲ್ಲದವರಿಗೆಲ್ಲ 'ನಾನು ಗೆದ್ದೆ' ಅಂದರು. ಮೆಡಲ್ ಕೊಡುತ್ತಿದ್ದ ಹುಡುಗ ನಿಜವಾಗಿಯೂ ಆಕೆಯೇ ಮೊದಲು ಬಂದದ್ದೇನೋ ಅಂತ ತಬ್ಬಿಬ್ಬಾದ. ಮಧ್ಯಾಹ್ನ ಮೊಬೈಲಿಗೆ ಮೆಸೇಜು ಬಂತು. ಆಕೆಯ ಚಿಪ್ ಟೈಮ್ 1:03:50. ನನ್ನದು 1:03:32.

ಹದಿನೆಂಟು ಸೆಕೆಂಡು. ನಾನು ಗೆದ್ದಿದ್ದೆ.

ಟೀಚರ್ ಒಪ್ಪಲಿಲ್ಲ. 'ಗೆರೆ ಮೊದಲು ದಾಟಿದ್ದು ಯಾರು?' ಅಂದರು. 'ಓಡಿದ್ದು ಎಷ್ಟು ಹೊತ್ತು?' ಅಂತ ನಾನು. ರೈಲಿನಲ್ಲಿ ರಾಮನಗರದಿಂದ ಶ್ರೀರಂಗಪಟ್ಟಣದವರೆಗೆ ಇದೇ ಜಗಳ. ಪಕ್ಕದ ಸೀಟಿನವರೂ ಎರಡು ಪಾರ್ಟಿ ಆದರು. ಮನೆಗೆ ಹೋಗಿ ಆಕೆ ನಿಯಮ ಹುಡುಕಿ ರಾತ್ರಿ ಹನ್ನೊಂದಕ್ಕೆ ಕಳಿಸಿದರು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸ್ಥಾನ ನಿರ್ಧಾರ ಆಗೋದು ಗೆರೆ ದಾಟಿದ ಕ್ರಮದಲ್ಲೇ, ಗನ್ ಟೈಮೇ ಲೆಕ್ಕ. ಆ ಮಟ್ಟಿಗೆ ಆಕೆ ಹೇಳಿದ್ದು ಸರಿ. ಆದರೆ ಅದು ಗೆದ್ದು ದುಡ್ಡು ತಗೊಂಡು ಹೋಗುವವರಿಗೆ. ಕಾಫಿ ಬಿಲ್ಲಿಗೆ ಯಾವ ನಿಯಮ ಅಂತ ಅದರಲ್ಲಿ ಬರೆದಿಲ್ಲ. ಈ ಕೇಸು ಇನ್ನೂ ನಡೆಯುತ್ತಿದೆ.

ನೀವು ಕೇಳಬಹುದು, ಹಾಗಾದರೆ ಸ್ನೇಹ ಎಲ್ಲಿ ಬಂತು ಅಂತ. 2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಪೂರ್ತಿ ಮ್ಯಾರಥಾನ್, ಅಂದರೆ 42.195 ಕಿಲೋಮೀಟರನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ಅವರ ಜೊತೆಗೆ ಸರದಿಯ ಮೇಲೆ ಓಡಿದ್ದು 41 ಜನ, ಒಲಿಂಪಿಕ್ಸ್ ಪದಕ ಗೆದ್ದವರೂ ಅದರಲ್ಲಿದ್ದರು. ಒಬ್ಬ ಗೆಳೆಯನಿಗೆ ಗಾಳಿ ತಡೆಯೋಕೆ ಬಂದವರು. ಹಾಗೆ ಸರದಿಯಲ್ಲಿ ಜನ ಬದಲಾದದ್ದೂ ಸೇರಿ ಕೆಲವು ಕಾರಣಗಳಿಂದ ಅದು ಅಧಿಕೃತ ದಾಖಲೆ ಆಗಲಿಲ್ಲ. ಕೊನೆಯಲ್ಲಿ ಅವರೆಲ್ಲ ಹಿಂದೆ ಸರಿದು ಕಿಪ್ಚೋಗೆ ಒಬ್ಬರನ್ನೇ ಮುಂದೆ ಬಿಟ್ಟರು. ಆಮೇಲೆ ಹಿಂದಿನಿಂದ ಕೇಕೆ ಹಾಕುತ್ತಾ ಓಡಿಬಂದರು. ಆ ವಿಡಿಯೋ ನಾನು ಎಷ್ಟು ಸಲ ನೋಡಿದ್ದೀನೋ. ಕಿಪ್ಚೋಗೆ ಮುಖ ನೋಡಲ್ಲ ನಾನು, ಹಿಂದಿನವರ ಮುಖ ನೋಡ್ತೀನಿ.

ನಮ್ಮಲ್ಲೂ ಅಂಥದ್ದು ನಡೆದಿದೆ, ನಮ್ಮ ಅಳತೆಗೆ ತಕ್ಕಂತೆ. ಶ್ರೀರಂಗಪಟ್ಟಣದ ಹತ್ತಿರ ನಾಲೆ ಪಕ್ಕದ ಮಣ್ಣು ದಾರಿಯಲ್ಲಿ ಒಂದು ಅರ್ಧ ಮ್ಯಾರಥಾನ್. ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬು, ಭತ್ತ, ಬೆಳ್ಳಕ್ಕಿ. ಹದಿನೇಳನೇ ಕಿಲೋಮೀಟರಿನಲ್ಲಿ ನರ್ಸಕ್ಕನಿಗೆ ಮೀನಖಂಡ ಹಿಡಿದುಕೊಂಡಿತು. ಕಲ್ಲಿನ ಹಾಗೆ ಗಟ್ಟಿ. ನಾನು ನಿಂತೆ. ಅವರು ನೆಲದ ಮೇಲೆ ಕೂತು ಕಾಲು ನೀವಿಕೊಳ್ಳುತ್ತಾ ಕೂಗಿದರು, 'ನಿಂತ್ಕೊಂಡ್ರೆ ನೋಡಿ! ಟೀಚರ್ ಮುಂದೆ ಹೋಗ್ತಿದಾರೆ, ಹಿಡೀರಿ ಹೋಗಿ!' ಸೊಂಟದ ಚೀಲದಲ್ಲಿದ್ದ ಉಪ್ಪು ಸಕ್ಕರೆ ಪುಡಿ ಅವರ ಕೈಗೆ ಕೊಟ್ಟು ಓಡಿದೆ. ಕಟುಕಿ ಅನ್ನಿ ಬೇಕಾದರೆ. ಟೀಚರನ್ನು ಹಿಡಿಯಲಿಲ್ಲ, ಅದು ಬೇರೆ ಮಾತು. ಮುಗಿಸಿ, ನೀರು ಕುಡಿದು, ಇಬ್ಬರೂ ಬಂದ ದಾರಿಯಲ್ಲೇ ವಾಪಸ್ ನಡೆದೆವು. ಅಷ್ಟು ದೂರದಲ್ಲಿ ನರ್ಸಕ್ಕ ಕುಂಟುತ್ತಾ ಬರುತ್ತಿದ್ದರು, ಪಕ್ಕದಲ್ಲಿ ಬೇಕರಿ ಅಣ್ಣ. ಅವರು ಜೀವನದಲ್ಲಿ ಮೊದಲ ಸಲ ಯಾರಿಗೋ ಸರಿಸಮ ಓಡುತ್ತಿದ್ದರು. ಕೊನೆಯ ಇನ್ನೂರು ಮೀಟರಿನಲ್ಲಿ ಅಣ್ಣ ಏನು ಮಾಡಿದರು ಗೊತ್ತಾ? ನರ್ಸಕ್ಕನನ್ನು ಹಿಂದೆ ಹಾಕಿ ಓಡಿಬಿಟ್ಟರು. ನರ್ಸಕ್ಕ ಹಿಂದಿನಿಂದ ಬೈಯುತ್ತಾ, ನಗುತ್ತಾ, ಕುಂಟುತ್ತಾ ಅಟ್ಟಿಸಿಕೊಂಡು ಬಂದರು. ನಾವು ದಾರಿ ಪಕ್ಕದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಇಷ್ಟು ನನ್ನ ಮಾತು. ಆಮೇಲೆ ಪ್ರಶ್ನೆಗಳು ಬಂದವು, ಎರಡು ಮೂರನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಮಂಡಿ. ಬರಲೇಬೇಕಲ್ಲ. 'ಓಡಿದ್ರೆ ಮಂಡಿ ಸವೆದುಹೋಗಲ್ವಾ?' 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ್ದರು. ಖುಷಿಗಾಗಿ ಓಡುವವರಲ್ಲಿ ಮಂಡಿ, ಸೊಂಟದ ಕೀಲು ಸವೆತ ಕಂಡದ್ದು ನೂರಕ್ಕೆ 3.5 ಜನರಲ್ಲಿ. ಓಡದೆ ಕೂತವರಲ್ಲಿ 10.2. ಆದರೆ ವೃತ್ತಿಯಾಗಿ ಜೋರು ಸ್ಪರ್ಧೆಗೆ ಓಡುವವರಲ್ಲಿ 13.3. ಮೊದಲೇ ಮಂಡಿ ನೋವಿದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಇದು ಅತ್ತೆಗೆ ಹೇಳೋ ಸುಳ್ಳಲ್ಲ, ನಿಜ.

ಎರಡನೆಯದು ಶೂ. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಲಿ. ನನ್ನ ಎರಡು ಉಗುರು ಕಪ್ಪಾಗಿ ಬಿದ್ದ ಮೇಲೆ ಕಲಿತ ಪಾಠ.

ಹಿಂದಿನ ಸಾಲಿನಿಂದ ಒಬ್ಬರು 'ನಿಮ್ಮ ಯಜಮಾನರು ಏನಂತಾರೆ?' ಅಂದರು. ಅವರು ನಿದ್ದೆ ಮಾಡ್ತಿರ್ತಾರೆ ಅಂದೆ.

ಕೊನೆಗೆ ಮೂರನೇ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ನೀಲಿ ಟೋಪಿ ಇರಲಿಲ್ಲ, ರೇಷ್ಮೆ ಸೀರೆ ಉಟ್ಟಿದ್ದರು. ಮೈಕ್ ಕೊಡೋಕೆ ಹೋದರೆ ಬೇಡ ಅಂದರು, ಮೂವತ್ತು ಮಕ್ಕಳ ಕ್ಲಾಸಿಗೆ ಪಾಠ ಮಾಡೋ ಗಂಟಲು.

'ಪ್ರಶ್ನೆ ಅಲ್ಲ, ತಿದ್ದುಪಡಿ,' ಅಂದರು ಟೀಚರ್. 'ಇಪ್ಪತ್ನಾಲ್ಕು ಸೆಕೆಂಡು. ಗೆದ್ದಿದ್ದು ನಾನು. ಇಲ್ಲಿರೋರು ಕೈ ಎತ್ತಿ ಹೇಳ್ಲಿ.'

ಎಣಿಸಿದೆವು. ಆಕೆಗೆ ಮೂವತ್ತೊಂದು, ನನಗೆ ಇಪ್ಪತ್ತಾರು. ಆದರೆ ಮೊದಲ ಎರಡು ಸಾಲು ಪೂರ್ತಿ ಆಕೆಯ ಶಾಲೆಯವರೇ ಅಂತ ಆಮೇಲೆ ಗೊತ್ತಾಯಿತು. ಮೇಲ್ಮನವಿ ಹಾಕ್ತಿದ್ದೀನಿ.